ಕೆಂಪು ಡಬ್ಬಿಯ ಪಕ್ಷ

ಎಸ್.ಪಿ. ರಸ್ತೆಯ ನಮ್ಮಂಗಡಿಗೆ ಬಾಗಿಲಿರಲಿಲ್ಲ, ಶಟರ್ ಇತ್ತು.
ಏಳಡಿ ಅಗಲ. ಅದರೊಳಗೆ ಎರಡು ಟೀವಿ,
ಒಂದರ ಕೆಳಗೆ ಕೆಂಪು ಡಬ್ಬಿ, ಇನ್ನೊಂದರ ಕೆಳಗೆ ನೀಲಿ ಡಬ್ಬಿ,
ನಡುವೆ ಸ್ಟೂಲಿನ ಮೇಲೆ ನಾನು,
ಬೀಗರ ಜಗಳಕ್ಕೆ ಸಿಕ್ಕಿಕೊಂಡ ಮದುವೆ ದಲ್ಲಾಳಿಯ ಹಾಗೆ
ಎರಡೂ ಕಡೆ ತಲೆಯಾಡಿಸುತ್ತ.

ಎರಡು ಸಾವಿರದ ಏಳು. ದೀಪಾವಳಿಗೆ ಹದಿನೈದು ದಿನ.
ಯಾವುದು ಉಳಿಯುತ್ತೆ? ಅಂತ ಕೇಳುತ್ತಿದ್ದರು ಬಂದವರೆಲ್ಲ.
ಯಾವುದು ಚೆನ್ನಾಗಿದೆ? ಅಂದವರು ಒಬ್ಬರೇ,
ದೂರವಾಣಿನಗರದ ಸಂಪಂಗಿರಾಮಯ್ಯ.
ಟೆಲಿಫೋನ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಡಯಲು ತಿರುಗಿಸಿ, ಅದು ವಾಪಸು ಬರುವ ಸದ್ದಿಗೆ ಕಿವಿಯಿಟ್ಟು
ಪಾಸು, ಫೇಲು ಬರೆದವರು.

ಜೇಬಿನಿಂದ ಭೂತಗನ್ನಡಿ ತೆಗೆದರು.
ಟೀವಿಗೆ ಮೂಗು ತಾಗಿಸಿ ನಿಂತರು.
ಮೊದಲು ನೀಲಿ. ಆಮೇಲೆ ಕೆಂಪು. ಮತ್ತೆ ನೀಲಿ.
ಎರಡರಲ್ಲೂ ಅದೇ ಮುದಿ ಕುದುರೆ ನೀರು ಕುಡಿಯುತ್ತಿತ್ತು,
ಮೂತಿಯ ಬಿಳಿಗೂದಲು ಒಂದೊಂದೂ ಎಣಿಸಬಹುದಿತ್ತು.
ವ್ಯತ್ಯಾಸ ಏನೂ ಇಲ್ಲವಲ್ಲಪ್ಪ.
ಇಲ್ಲ ಸಾರ್, ಅಂದೆ ದನಿ ತಗ್ಗಿಸಿ,
ಒಳಗೆ ಓದೋ ಬೆಳಕು ಎರಡಕ್ಕೂ ನೀಲಿಯೇ.
ಕೆಂಪು ಬರೀ ಡಬ್ಬಿ.
ಮತ್ತೆ ಜಗಳ ಯಾಕೆ?
ಕಂಪನಿಯ ಕರಪತ್ರ ತಿರುವಿ ನೋಡಿದೆ. ಬರೆದಿರಲಿಲ್ಲ.

ಕೆಂಪು ಒಂಬತ್ತು ಸಾವಿರ ಅಗ್ಗ. ಅದನ್ನೇ ಕಟ್ಟಿಸಿಕೊಂಡು
ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದರು.

ಒಳಗಿಂದ ಜಬೀವುಲ್ಲಾ ಭಾಯಿ ನಕ್ಕರು. ಅವರಿಗೆ ಗೊತ್ತಿತ್ತು:
ಎಂಬತ್ತೈದರಲ್ಲಿ ಸಣ್ಣ ಕ್ಯಾಸೆಟ್ಟು ನಂಬಿ ಕೈಸುಟ್ಟುಕೊಂಡ ಮನುಷ್ಯ.
ಚಿತ್ರ ಚೆನ್ನಾಗಿತ್ತು ಕಣೋ, ಅದೇ ಎಡವಟ್ಟಾಯ್ತು.
ಈ ಸಲ ಎರಡೂ ತರಿಸಿದ್ದರು, ಯಾರನ್ನೂ ನಂಬದೆ.

ಎದುರಿನ ಫುಟ್‌ಪಾತಿನಲ್ಲಿ ಮಾತ್ರ ಪಕ್ಷವೇ ಇರಲಿಲ್ಲ.
ಮೂವತ್ತು ರೂಪಾಯಿಗೆ ಒಂದು ತಟ್ಟೆ, ಅದರಲ್ಲಿ ನಾಲ್ಕು ಸಿನಿಮಾ,
ನಡುನಡುವೆ ಯಾರೋ ಎದ್ದು ಹೋಗುವ ಕಪ್ಪು ತಲೆ,
ಯಾರದೋ ಮಗುವಿನ ಅಳು.
ನಮ್ಮಲ್ಲಿ ನಿಂತು ಕುದುರೆ ನೋಡುತ್ತಿದ್ದ ಜನ
ರಸ್ತೆ ದಾಟಿ ಅಲ್ಲಿ ಕೊಳ್ಳುತ್ತಿದ್ದರು.

ಫೆಬ್ರವರಿಯಲ್ಲಿ ಪೇಪರಿನ ಒಳಪುಟದ ಮೂಲೆಯಲ್ಲಿ ಬಂತು,
ಜಪಾನಿನಲ್ಲಿ ಸೂಟು ತೊಟ್ಟವರು ಸೋಲೊಪ್ಪಿ ಬಗ್ಗಿದ್ದು.
ಭಾಯಿ ಏನೂ ಹೇಳಲಿಲ್ಲ.
ಕೆಂಪು ಡಬ್ಬಿಗಳ ಮೇಲಿದ್ದ ಬೆಲೆಯ ಚೀಟಿ
ಉಗುರಿನಿಂದ ಒಂದೊಂದೇ ಕಿತ್ತರು.
ಸಂಪಂಗಿರಾಮಯ್ಯನವರಿಗೆ ಹೇಳುವ ಕೆಲಸ ನನ್ನದಾಯಿತು.
ಸಾರ್, ಕೆಂಪು ಸೋತುಹೋಯ್ತು.
ಆ ಕಡೆ ಒಂದು ಕೆಮ್ಮು.
ನಮ್ಮನೇಲಿ ಓಡ್ತಾ ಇದೆಯಲ್ಲ?
ಮಾರನೇ ದಿನ ಚೀಲ ಹಿಡಿದು ಬಂದರು,
ತಲಾ ಐವತ್ತಕ್ಕೆ ಹನ್ನೊಂದು ಡಿಸ್ಕು ಆರಿಸಿಕೊಂಡರು,
ಕುದುರೆಯದನ್ನು ನಾನೇ ಸುಮ್ಮನೆ ಹಾಕಿಕೊಟ್ಟೆ.

ಉಳಿದವು ಕಬ್ಬನ್‌ಪೇಟೆಯಲ್ಲಿ ಭಾಯಿಯ ತಾರಸಿಗೆ ಹೋದವು,
ದಾರ ಕಟ್ಟಿ, ಪಾರಿವಾಳ ಬೆದರಿಸಲಿಕ್ಕೆ.
ಎರಡು ದಿನ ಬೆದರಿದವು.
ಐದಾರು ವರ್ಷ ಕಳೆದು ಗೆದ್ದ ನೀಲಿಯೂ
ಅದೇ ದಾರದಲ್ಲಿ ನೇತಾಡಿತು.
ಈಗ ಅಂಗಡಿಯಲ್ಲಿ ಸಿಸಿಟಿವಿ ಮಾರುತ್ತೇವೆ.
ಒಂದೇ ಟೀವಿಯಲ್ಲಿ ಹದಿನಾರು ಗೇಟು, ಹದಿನಾರು ಮೆಟ್ಟಿಲು.
ಕೂದಲು ಎಣಿಸುವವರಿಲ್ಲ.

ಹೋದ ತಿಂಗಳು ಅವರ ಮೊಮ್ಮಗಳು ಫೋನು ಮಾಡಿದಳು:
ತಟ್ಟೆ ಒಳಗೇ ಸಿಕ್ಕಿಕೊಂಡಿದೆ, ತಾತ ಊಟ ಬಿಟ್ಟಿದ್ದಾರೆ.
ಹೋದೆ. ಮುಂದಿನ ಸಣ್ಣ ತೂತಿಗೆ ಗುಂಡುಸೂಜಿ ಚುಚ್ಚಿದೆ,
ಬಂತು ಹೊರಗೆ, ಕುದುರೆಯ ಡಿಸ್ಕೇ.
ಬೆಲ್ಟು ಸವೆದಿತ್ತು. ಹಳೇ ಟೇಪ್‌ರೆಕಾರ್ಡರಿನದು ಹಾಕಿದೆ.
ಒತ್ತಿದೆ. ಟ್ರೇ ನಿಧಾನಕ್ಕೆ ಒಳಗೆ ಸರಿಯಿತು.
ಟೀವಿ ಕಡೆ ಅವರು ತಿರುಗಲಿಲ್ಲ,
ಕಣ್ಣು ಮುಚ್ಚಿ, ಕಿವಿ ಮಾತ್ರ ಇತ್ತ ತಂದು
ಇನ್ನೊಂದ್ಸಲ, ಅಂದರು.